ಲಿಫ್ಟಿಗೂ ಮೆಕ್ಯಾನಿಕ್ಕಿಗೂ ಒಂದೇ ದಿನ ಪರೀಕ್ಷೆ

ಡಿಸೆಂಬರ್ ತಿಂಗಳ ಎರಡನೇ ಮಂಗಳವಾರ. ಬೆಳಿಗ್ಗೆ ಏಳೂ ಐವತ್ತು. ಸ್ಥಳ, ಬೆಳ್ತಂಗಡಿ ಪೇಟೆಯ ಒಂದು ವಾಚನಾಲಯದ ಮೆಟ್ಟಿಲ ಬುಡ. ಹಾಜರಿದ್ದವರು: ಲಿಫ್ಟ್ ಕೂರಿಸಿದ ಮೆಕ್ಯಾನಿಕ್, ವಾಚನಾಲಯದ ಕಾರ್ಯದರ್ಶಿಯಾದ ನಿವೃತ್ತ ಟೀಚರ್, ಕೆಳಗಿನ ಅಂಗಡಿಯ ಟೈಲರ್ ಮತ್ತು ನಾನು. ಬರಬೇಕಾಗಿದ್ದವರು: ಲಿಫ್ಟ್ ಪರೀಕ್ಷಿಸುವ ಅಧಿಕಾರಿ, ಎಂಟೂವರೆಗೆ.

ನನ್ನ ಡೈರಿಯಲ್ಲಿ ಎಲ್ಲ ದಿನಗಳೂ ಹೀಗೆಯೇ ತೊಡಗುತ್ತವೆ. ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದಾಗ ವಾರ್ಡನ್ ಹಾಕಿಕೊಟ್ಟ ಕ್ರಮ ಅದು. ಐದಕ್ಕೆ ಗಂಟೆ, ಐದೂ ಹತ್ತಕ್ಕೆ ಹಾಜರಿ, ಮಲಗುವ ಮುಂಚೆ ಆ ದಿನ ಮಾಡಿದ ಕೆಲಸದ ನಾಲ್ಕು ಸಾಲು. ಮುಂದೆ ಸರಕಾರಿ ಕೆಲಸಕ್ಕೆ ಸೇರಿ, ಊರೂರು ತಿರುಗಿ ಲಿಫ್ಟುಗಳನ್ನು ಪರೀಕ್ಷಿಸುವವನಾದೆ. ಆಗಲೂ ಆ ನಾಲ್ಕು ಸಾಲು ತಪ್ಪಲಿಲ್ಲ. ಈಗ ನಿವೃತ್ತನಾಗಿ ಪಾಣೆಮಂಗಳೂರಿನಲ್ಲಿದ್ದೇನೆ. ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮನೆಯ ಜಗಲಿಯಲ್ಲಿ, ಪರವಾನಗಿ ಪಡೆಯಲು ಹೊರಟ ಮೆಕ್ಯಾನಿಕ್ಕುಗಳಿಗೆ ಪಾಠ ಹೇಳುತ್ತೇನೆ. ಎರಡೂ ಐದಕ್ಕೆ ಬಂದವರು ಅಂಗಳದಲ್ಲೇ ನಿಂತು ಕೇಳಬೇಕು. ಜಗಲಿ ಏರುವಂತಿಲ್ಲ.

ಮೊದಲ ದಿನದ ಪಾಠ ಯಾವಾಗಲೂ ಒಂದೇ. ಲಿಫ್ಟ್ ಕೂರಿಸುವವರಿಗೆ ಪರವಾನಗಿ ಬೇಕು, ಕೂರಿಸಿದ ಲಿಫ್ಟಿಗೂ ಪರವಾನಗಿ ಬೇಕು, ಅದನ್ನು ಪರೀಕ್ಷಿಸುವವರಿಗೂ ಅಧಿಕಾರಪತ್ರ ಬೇಕು. ಕೂರಿಸಿದವರೇ ಪರೀಕ್ಷಿಸುವಂತಿಲ್ಲ, ಪರೀಕ್ಷಿಸುವವರು ಕೂರಿಸುವಂತಿಲ್ಲ. ಇಷ್ಟೊಂದು ಕಾಗದ ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ನಾನು ಹೇಳುವುದು ಇಷ್ಟು. ಬಸ್ಸಿನ ಡ್ರೈವರ್ ನಿಮ್ಮ ಕಣ್ಣೆದುರು ಇರುತ್ತಾನೆ. ಅವನ ಮುಖ ನೋಡಿ ಹತ್ತುವುದೋ ಬಿಡುವುದೋ ನಿರ್ಧರಿಸಬಹುದು. ಲಿಫ್ಟ್ ಕೂರಿಸಿದವರನ್ನು ಒಳಗೆ ಹೋಗುವವರು ನೋಡಿಯೇ ಇರುವುದಿಲ್ಲ. ಕಾಣದ ಆ ಮನುಷ್ಯನ ಬದಲಿಗೆ ಒಂದು ಕಾಗದ ಅಲ್ಲಿ ನಿಂತಿರಬೇಕು.

ಆ ಕಾಗದಕ್ಕಾಗಿಯೇ ಈ ಮೆಕ್ಯಾನಿಕ್, ನನ್ನ ಶಿಷ್ಯೆ, ಮೂರನೆಯ ಸಲ ಅರ್ಜಿ ಹಾಕಿದ್ದಳು. ಕನ್ಯಾನದ ಕಡೆಯವಳು, ಮದುವೆಯಾಗಿ ಮೂಡುಬಿದಿರೆಯಲ್ಲಿ ಇರುವವಳು. ವಯಸ್ಸು ಮೂವತ್ತನಾಲ್ಕು. ಐಟಿಐಯಲ್ಲಿ ಲಿಫ್ಟ್ ಮೆಕ್ಯಾನಿಕ್ ತರಬೇತಿ ಮುಗಿಸಿ, ಮಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಳು. ಮೊದಲ ಅರ್ಜಿ ವಾಪಸು ಬಂದದ್ದು ಇನಿಶಿಯಲ್ ದೆಸೆಯಿಂದ. ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರಿನ ಅಕ್ಷರ, ಆಧಾರಿನಲ್ಲಿ ಗಂಡನ ಹೆಸರಿನದು. ಎರಡನೆಯದು ವಾಪಸು ಬಂದದ್ದಕ್ಕೆ ಅವಳ ತಪ್ಪು ಎಳ್ಳಷ್ಟೂ ಇರಲಿಲ್ಲ. ಸಂಸ್ಥೆಯ ಗುಮಾಸ್ತ ಅನುಭವ ಪತ್ರದಲ್ಲಿ ‘ಸಹಾಯಕಿ’ ಎಂದು ಬರೆದಿದ್ದ. ಯಾಕೆಂದು ಮಾಲೀಕರು ಕೇಳಿದರೆ, “ಹೆಂಗಸಲ್ವಾ ಸರ್, ಸಹಾಯಕಿ ಆಗಿರ್ಬೇಕು ಅಂತ ಬರ್ದೆ,” ಎಂದನಂತೆ. ಅದನ್ನು ತಿದ್ದಿಸಲು ಮೂರು ತಿಂಗಳು ಹಿಡಿಯಿತು.

ಈಗ ಆ ಸಂಸ್ಥೆಯೇ ವರ್ಷದ ಕೊನೆಗೆ ಕೆಲಸ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಸ್ವಂತ ಹೆಸರಿನಲ್ಲಿ ಪರವಾನಗಿ ಸಿಕ್ಕರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಲಿಫ್ಟುಗಳೆಲ್ಲ ಅವಳ ಕೈಯಲ್ಲೇ ಉಳಿಯುತ್ತಿದ್ದವು. ಸಿಗದಿದ್ದರೆ ಪುಣೆಯಲ್ಲಿ ಇನ್ನೊಬ್ಬರ ಕೈಕೆಳಗೆ ಕೆಲಸ. ಗಂಡ ಮೂಡುಬಿದಿರೆಯಲ್ಲಿ ಬಸ್ಸು ಓಡಿಸುವವನು, ಮಗಳು ಮೂರನೇ ತರಗತಿ. “ನಾನು ಒಬ್ಬಳೇ ಹೋಗ್ಬೇಕಾಗ್ತದೆ ಸರ್,” ಎಂದು ಒಮ್ಮೆ ಹೇಳಿದ್ದಳು. ಒಮ್ಮೆ ಮಾತ್ರ.

ಸಂಸ್ಥೆಯ ಪರವಾನಗಿಯಲ್ಲಿ ಅವಳು ಕೂರಿಸಿದ ಈ ಲಿಫ್ಟನ್ನು ಪರೀಕ್ಷಿಸಲು ಬರುವ ಅಧಿಕಾರಿ, ಅಲ್ಲೇ ಅವಳ ಕೆಲಸವನ್ನೂ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಅರ್ಜಿಯ ಮೇಲೆ ತಮ್ಮ ಅಭಿಪ್ರಾಯ ಬರೆಯುವುದೆಂದು ಗೊತ್ತಾಗಿತ್ತು. ವರ್ಷ ಮುಗಿಯುವ ಮುಂಚೆ ಅವರು ಬೆಳ್ತಂಗಡಿಗೆ ಬರುವುದು ಅದೊಂದೇ ದಿನ.

ಲಿಫ್ಟ್ ದೊಡ್ಡದೇನಲ್ಲ. ಒಂದೇ ಮಹಡಿ ಏರುವಂಥದ್ದು, ಒಂದು ಗಾಲಿಕುರ್ಚಿ ಮತ್ತು ಅದನ್ನು ತಳ್ಳುವ ಒಬ್ಬರು ಹಿಡಿಸುವಷ್ಟು. ಟೀಚರಿಗೆ ಸೊಂಟದ ಮೂಳೆ ಮುರಿದು ಗಾಲಿಕುರ್ಚಿ ಬಂದ ಮೇಲೆ ಅವರು ತಾವೇ ಕಟ್ಟಿ ಬೆಳೆಸಿದ ವಾಚನಾಲಯಕ್ಕೆ ಏರಲಾಗದೆ, ಕೆಳಗೆ ಟೈಲರನ ಅಂಗಡಿಯ ಪಕ್ಕದ ಓಣಿಯಲ್ಲಿ ಮೇಜು ಹಾಕಿಕೊಂಡು ಪುಸ್ತಕ ಕೊಡುತ್ತಿದ್ದರು. ಓದುಗರೇ ಸೇರಿ ಲಿಫ್ಟ್ ಹಾಕಿಸಿದ್ದು ಅದಕ್ಕೆ.

ಏಳೂ ಐವತ್ತೈದಕ್ಕೆ ನಾನು ಹೇಳಿದೆ, “ಒಮ್ಮೆ ಮೇಲೆ ಕಳಿಸಿ ನೋಡುವ.”

ಅವಳು ಬಾಗಿಲು ಹಾಕಿ ಗುಂಡಿ ಒತ್ತಿದಳು. ಲಿಫ್ಟ್ ಹೊರಡಲಿಲ್ಲ. ಬಾಗಿಲು ತೆರೆದು ಮತ್ತೆ ಹಾಕಿ ಒತ್ತಿದಳು. ಹೊರಡಲಿಲ್ಲ.

“ನಿನ್ನೆ ಸಂಜೆ ನಾನು ಹೋಗುವಾಗ ಹದಿನೈದು ಸಲ ಓಡಿಸಿದ್ದೇನೆ ಸರ್,” ಎಂದಳು.

“ದೃಷ್ಟಿ ಬಿದ್ದಿರ್ಬೇಕು,” ಎಂದ ಟೈಲರ್. “ನಾನು ಮೊನ್ನೆಯೇ ಹೇಳಿದ್ದೆ, ಒಂದು ನಿಂಬೆಹುಳಿ ಕಟ್ಟಿ ಅಂತ.”

“ನಿಂಬೆಹುಳಿ ಕಟ್ಟಿದ ನಿನ್ನ ಮಿಷನ್ನು ವಾರಕ್ಕೆ ಎರಡು ಸಲ ನೂಲು ಕಡೀತದೆ. ಸುಮ್ಮನಿರು ಮಾರಾಯ,” ಎಂದರು ಟೀಚರ್.

ಕೆಳಗಿನ ಬಾಗಿಲಿನ ಬೀಗದ ದೀಪ ಹತ್ತಿರಲಿಲ್ಲ. ಇಂಥ ಲಿಫ್ಟಿನಲ್ಲಿ ಬಾಗಿಲು ಮುಚ್ಚಿದರೆ ಸಾಲದು. ಚೌಕಟ್ಟಿನೊಳಗಿನ ಒಂದು ಕೊಕ್ಕೆ ಇಳಿದು ಸರಿಯಾಗಿ ಕೂರಬೇಕು. ಕೂತಿತೆಂದು ಲಿಫ್ಟಿಗೆ ತಿಳಿದ ಮೇಲೆಯೇ ಅದು ಕದಲುವುದು. ಕೊಕ್ಕೆ ಕೂರುತ್ತಿರಲಿಲ್ಲ. ಯಾಕೆ ಎಂಬುದೇ ಪ್ರಶ್ನೆ.

ಪರೀಕ್ಷೆ ತೊಡಗಿದ ಮೇಲೆ ಕಲಿಸಿದವನು ಬಾಯಿ ತೆರೆಯಬಾರದೆಂಬುದು ನಾನೇ ಮಾಡಿಕೊಂಡ ನಿಯಮ. ಅಧಿಕಾರಿ ಬರಲು ಇನ್ನೂ ಅರ್ಧ ಗಂಟೆ ಇತ್ತು. ಹಾಗಾಗಿ ಆ ಅರ್ಧ ಗಂಟೆಯಲ್ಲಿ ನಾನು ಮೂರು ಕಾರಣ ಹೇಳಿದೆ. ಸ್ಪ್ರಿಂಗ್ ದುರ್ಬಲವಾಗಿದೆ ಎಂದೆ. ಅವಳು ಹೊಸ ಸ್ಪ್ರಿಂಗ್ ಹಾಕಿ ನೋಡಿದಳು. ಅಲ್ಲ. ಬಾಗಿಲು ಜೋತುಬಿದ್ದಿದೆ ಎಂದೆ. ಅವಳು ಅಳತೆಪಟ್ಟಿ ಹಿಡಿದು ತೋರಿಸಿದಳು. ಕೂದಲೆಳೆಯಷ್ಟೂ ಜೋತಿರಲಿಲ್ಲ. ಇಲಿ ತಂತಿ ಕಡಿದಿದೆ ಎಂದೆ. ಆಗ ಅವಳು ನನ್ನನ್ನೇ ನೋಡಿದಳು. ನಾನು ಕುರ್ಚಿಯಲ್ಲಿ ಹೋಗಿ ಕುಳಿತೆ.

ಎಂಟೂ ಇಪ್ಪತ್ತೆಂಟಕ್ಕೆ ಅಧಿಕಾರಿ ಬಂದರು. ಹೇಳಿದ ಹೊತ್ತಿಗಿಂತ ಎರಡು ನಿಮಿಷ ಮೊದಲು ಬರುವ ಅಧಿಕಾರಿ ಲೋಕದಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಮೂವತ್ತರ ಆಸುಪಾಸಿನವರು, ಘಟ್ಟದ ಮೇಲಿನ ಮಾತು. ಅವರಿಗೆ ತುಳು ಬಾರದ್ದರಿಂದ ಎಲ್ಲರೂ ಕನ್ನಡಕ್ಕೆ ತಿರುಗಿಕೊಂಡೆವು. ಟೈಲರ್ ಮಾತ್ರ ಶಾಲಾ ವಾರ್ಷಿಕೋತ್ಸವದ ಸ್ವಾಗತ ಭಾಷಣದ ಕನ್ನಡ ತೆಗೆದ.

“ತಾವು ಆಸೀನರಾಗಬೇಕು. ಚಹಾ ಸೇವಿಸುತ್ತೀರೋ, ಬಾದಾಮಿ ಹಾಲೋ?”

“ಮೊದಲು ಕೆಲಸ ಮುಗಿಸ್ತೀನಿ,” ಎಂದು ಅಧಿಕಾರಿ ಬ್ಯಾಗು ಕೆಳಗಿಟ್ಟರು. “ರೆಡಿನಾ?”

ಅವಳು ಎದ್ದು ನಿಂತು, ಕೈ ಒರೆಸಿಕೊಂಡು, “ಇಲ್ಲ ಸರ್. ಲಿಫ್ಟ್ ಹೊರಡುವುದಿಲ್ಲ. ಕೆಳಗಿನ ಬೀಗ ಕೂರ್ತಾ ಇಲ್ಲ. ಕಾರಣ ಇನ್ನೂ ಸಿಕ್ಕಿಲ್ಲ,” ಎಂದಳು.

ಅಧಿಕಾರಿ ಒಂದು ಸಲ ನನ್ನ ಕಡೆ ನೋಡಿದರು. ನಾನು ಚಾವಣಿ ನೋಡಿದೆ.

“ಸರಿ, ನೀವು ಹುಡುಕಿ. ನಾನು ಅಷ್ಟರಲ್ಲಿ ಕಾಗದ ನೋಡ್ತೀನಿ.”

ಅವರು ಫೈಲು ಬಿಚ್ಚಿ ಕುಳಿತರು. ಭೂಮಿಗೆ ಕೊಟ್ಟ ಅರ್ತಿಂಗಿನ ಪರೀಕ್ಷಾ ವರದಿ, ಕಟ್ಟಡದ ನಕ್ಷೆ, ತರಬೇತಿಯ ಸರ್ಟಿಫಿಕೇಟು, ತಿದ್ದಿದ ಅನುಭವ ಪತ್ರ, ಎಲ್ಲವನ್ನೂ ನಾನೇ ಕ್ರಮವಾಗಿ ಪೋಣಿಸಿಟ್ಟಿದ್ದೆ. ಒಂದು ಹಾಳೆಯೂ ತಲೆಕೆಳಗಾಗಿರಲಿಲ್ಲ. ಅದರ ನಡುವೆ ಟೈಲರ್ ಮೆಲ್ಲನೆ ಮೆಕ್ಯಾನಿಕ್ ಬಳಿ ಹೋಗಿ, ತನಗೆ ಮಾತ್ರ ಪಿಸುಮಾತೆನಿಸುವ ದನಿಯಲ್ಲಿ ಹೇಳಿದ:

“ಅಕ್ಕ, ಒಂದು ತುಂಡು ವಯರ್ ಕೊಟ್ಟು ಆ ಬೀಗವನ್ನು ದಾಟಿಸಿಬಿಡಿ. ಇವತ್ತಿಗೆ ಮಾತ್ರ. ಅವರಿಗೆಲ್ಲಿ ಗೊತ್ತಾಗ್ತದೆ?”

“ಗೊತ್ತಾಗುತ್ತೆ,” ಎಂದರು ಅಧಿಕಾರಿ, ಫೈಲಿನಿಂದ ತಲೆ ಎತ್ತದೆ.

“ಗೊತ್ತಾಗದಿದ್ರೂ ಕೊಡುವುದಿಲ್ಲ,” ಎಂದಳು ಅವಳು, ಚೌಕಟ್ಟಿನಿಂದ ತಲೆ ತೆಗೆಯದೆ. “ಬಾಗಿಲು ತೆರೆದೇ ಇರುವಾಗ ಲಿಫ್ಟ್ ಮೇಲೆ ಹೋದ್ರೆ ಟೀಚರ ಗಾಡಿ ಎಲ್ಲಿಗೆ ಹೋಗ್ತದೆ ಅಂತ ಎಣಿಸಿ.”

ಟೈಲರ್ ಎಣಿಸಿದ. ಮುಖ ಸಣ್ಣ ಮಾಡಿಕೊಂಡು ಅಂಗಡಿಗೆ ಹೋಗಿ ಯಾರದೋ ರವಿಕೆಯ ಅಳತೆ ಬರೆಯತೊಡಗಿದ. ಪೆನ್ನು ಸಿಗದೆ ಮತ್ತೆ ಬಂದು ಅಧಿಕಾರಿಯದನ್ನೇ ಕೇಳಿ ಪಡೆದ.

ಒಂಬತ್ತೂವರೆ ಆಗುವಾಗ ಓಣಿಗೆ ಬಿಸಿಲು ಬಂತು. ಎದುರಿನ ಕಟ್ಟಡ ದಾಟಿ ಬರುವ ಬಿಸಿಲು ನೇರ ಆ ಬಾಗಿಲಿಗೇ ಬೀಳುತ್ತದೆ. ಅವಳು ಚೌಕಟ್ಟಿನ ಮೇಲಿನ ಮುಚ್ಚಳದ ತಿರುಪು ಬಿಚ್ಚುತ್ತಿದ್ದಳು. ಒಂಬತ್ತೂ ನಲವತ್ತಕ್ಕೆ, ಯಾರೂ ಏನೂ ಮಾಡದೆ, ಬೀಗ ‘ಟಕ್’ ಎಂದಿತು. ದೀಪ ಹತ್ತಿತು.

ಗುಂಡಿ ಒತ್ತಿದಳು. ಲಿಫ್ಟ್ ನಯವಾಗಿ ಮೇಲೆ ಹೋಯಿತು, ಕೆಳಗೆ ಬಂತು. ಇನ್ನೊಮ್ಮೆ ಹೋಯಿತು, ಬಂತು. ಟೀಚರ್ ಚಪ್ಪಾಳೆ ತಟ್ಟಿದರು. ಅಧಿಕಾರಿ ಎದ್ದು ಅಂಗಿ ಸರಿಪಡಿಸಿಕೊಂಡರು.

“ಸರಿ ಹೋಯ್ತಲ್ಲ. ಶುರು ಮಾಡೋಣ.”

ಆಗ ನನ್ನ ಶಿಷ್ಯೆ ಹೇಳಿದ್ದನ್ನು ಡೈರಿಯಲ್ಲಿ ಹಾಗೆಯೇ ಬರೆದಿಟ್ಟಿದ್ದೇನೆ.

“ಬೇಡ ಸರ್. ತಾನಾಗಿ ಸರಿ ಆದದ್ದು ತಾನಾಗಿ ಕೆಡ್ತದೆ. ಯಾಕೆ ಅಂತ ಗೊತ್ತಾಗದೆ ನಾನು ಇದನ್ನು ಪರೀಕ್ಷೆಗೆ ಕೊಡುವುದಿಲ್ಲ.”

ನಾನು ನನ್ನ ನಿಯಮ ಮುರಿದೆ. “ಅದು ಈಗ ಓಡ್ತದಲ್ಲ ಮಾರಾಯ್ತಿ,” ಎಂದೆ. ಸರ್ವಿಸಿನ ಅಷ್ಟು ವರ್ಷಗಳಲ್ಲಿ ಯಾರಾದರೂ ನನ್ನೆದುರು ಈ ಮಾತು ಆಡಿದ್ದರೆ ಅವನ ಫೈಲು ಮುಚ್ಚಿ ಬಸ್ಸು ಹತ್ತುತ್ತಿದ್ದೆ. ಆ ದಿನ ಅದು ನನ್ನ ಬಾಯಿಂದಲೇ ಬಂತು. ಕಣ್ಣೆದುರು ಪುಣೆಯ ರೈಲು ಬಂದು ನಿಂತಂತಾಗಿತ್ತು.

“ನೀವೇ ಹೇಳಿಕೊಟ್ಟದ್ದು ಸರ್,” ಎಂದಳು. ಅಷ್ಟೇ.

ಅಧಿಕಾರಿ ಗಡಿಯಾರ ನೋಡಿದರು. “ನನಗೆ ಗುರುವಾಯನಕೆರೆಯಲ್ಲಿ ಒಂದಿದೆ, ಆಮೇಲೆ ಮಡಂತ್ಯಾರಿನಲ್ಲಿ ಒಂದು. ಕಾಯೋಕಾಗಲ್ಲ. ‘ಪರೀಕ್ಷೆಗೆ ಸಿದ್ಧವಿಲ್ಲ’ ಅಂತ ಬರೀಬೇಕಾಗುತ್ತೆ. ಎರಡು ಫೈಲಿಗೂ.”

“ಬರೆಯಿರಿ ಸರ್.”

ಹತ್ತಕ್ಕೆ ಐದು ನಿಮಿಷ ಇರುವಾಗ ಅವರು ಹೋದರು. ಟೈಲರ್ ಅಂಗಡಿಯ ಬಾಗಿಲಲ್ಲಿ ನಿಂತು, “ಇಷ್ಟು ಹಟ ನಾನು ನನ್ನ ಹೆಂಡತಿಯಲ್ಲಿ ಮಾತ್ರ ನೋಡಿದ್ದು,” ಎಂದ. ಯಾರೂ ನಗಲಿಲ್ಲ.

ಅವಳು ಮೇನ್ ಸ್ವಿಚ್ಚು ಆರಿಸಿ, ‘ಕೆಲಸ ನಡೆಯುತ್ತಿದೆ’ ಎಂಬ ಚೀಟಿ ತೂಗುಹಾಕಿ, ಇಡೀ ಬೀಗವನ್ನೇ ಚೌಕಟ್ಟಿನಿಂದ ಹೊರತೆಗೆದು ಮೇಜಿನ ಮೇಲೆ, ನೆರಳಿನಲ್ಲಿ, ಒಂದು ಹಳೆಯ ಪತ್ರಿಕೆಯ ಮೇಲೆ ಬಿಚ್ಚಿದಳು. ಬಿಸಿಲು ತಾಗದ ಒಳಮೂಲೆಯಲ್ಲಿ, ಕೊಕ್ಕೆಯ ಬುಡದಲ್ಲಿ, ಮೇಣದಂಥ ಬೆಳ್ಳನೆಯದು ಒಂದಿಷ್ಟು ಅಂಟಿಕೊಂಡಿತ್ತು. ಕಿರುಬೆರಳಿನಿಂದ ತೆಗೆದು ಮೂಸಿದಳು. ನನ್ನ ಮೂಗಿನ ಬಳಿ ಹಿಡಿದಳು. ಸಂಶಯವೇ ಇರಲಿಲ್ಲ. ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಆ ವಾಸನೆ ಗುರುತಿಸಲು ತರಬೇತಿ ಬೇಡ.

“ತೆಂಗಿನೆಣ್ಣೆ,” ಎಂದೆವು ಇಬ್ಬರೂ.

ಡಿಸೆಂಬರಿನಲ್ಲಿ ಘಟ್ಟದ ಬುಡದ ಚಳಿಗೆ ತೆಂಗಿನೆಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ತಲೆಗೆ ಹಚ್ಚಬೇಕಾದರೆ ಬಾಟಲಿಯನ್ನು ಬಚ್ಚಲೊಲೆಯ ಪಕ್ಕದಲ್ಲೋ ಬಿಸಿಲಿನಲ್ಲೋ ಇಡಬೇಕು. ಬೀಗದೊಳಗೂ ಅದೇ ಆಗಿತ್ತು. ಇರುಳಿನ ಚಳಿಗೆ ಹೆಪ್ಪು, ಒಂಬತ್ತೂವರೆಯ ಬಿಸಿಲಿಗೆ ನೀರು. ಮರುದಿನ ಬೆಳಿಗ್ಗೆ ಮತ್ತೆ ಹೆಪ್ಪು.

“ಇದಕ್ಕೆ ತೆಂಗಿನೆಣ್ಣೆ ಯಾರು ಹಾಕಿದ್ದು?” ಎಂದು ಅವಳು ಕೇಳಿದಳು.

ಟೈಲರ್ ಎರಡೂ ಕೈ ಮೇಲೆತ್ತಿದ. ಟೀಚರ್ ಮಡಿಲಿನ ಚೀಲದ ಜಿಪ್ಪು ಎಳೆದು, ಮತ್ತೆ ಮುಚ್ಚಿ, ಕೊನೆಗೆ ಗಂಟಲು ಸರಿಮಾಡಿಕೊಂಡರು.

“ನಾನೇ. ನಿನ್ನೆ ಸಂಜೆ. ನೀನು ಹೋದ ಮೇಲೆ. ಬಾಗಿಲು ಕಿರ್ ಕಿರ್ ಅಂತ ಹೇಳ್ತಾ ಇತ್ತು. ದೊಡ್ಡ ಸಾಹೇಬ್ರು ಬರುವಾಗ ಕಿರ್ ಅಂದ್ರೆ ನಿನಗೆ ಮಾರ್ಕು ಕಡಿಮೆ ಆಗ್ತದೆ ಅಂತ ಆ ಸಂದಿಗೆ ನಾಲ್ಕು ಹನಿ ಬಿಟ್ಟೆ.”

“ನಾಲ್ಕು ಹನಿಯಾ ಟೀಚರ್?”

“ಬಾಟಲಿ ಸ್ವಲ್ಪ ವಾಲಿತು.”

“ಲಿಫ್ಟಿಗೆ ತೆಂಗಿನೆಣ್ಣೆ ಹಾಕುವುದುಂಟಾ ಟೀಚರ್?” ಎಂದೆ ನಾನು.

“ಯಾಕೆ ಇನ್‌ಸ್ಪೆಕ್ಟ್ರೇ, ಬಾವಿಯ ರಾಟೆಗೆ ನಾವು ಹಾಕುವುದು ಎಂಥದ್ದು? ಹೊಲಿಗೆ ಮಿಷನಿಗೆ ಎಣ್ಣೆ ಮುಗಿದರೆ ಇವನು ಹಾಕುವುದು ಎಂಥದ್ದು? ನನ್ನ ಈ ಗಾಡಿಯ ಚಕ್ರಕ್ಕೂ ನಾನು ಅದನ್ನೇ ಹಾಕುವುದು.”

ನೂಲು ವಾರಕ್ಕೆರಡು ಸಲ ಯಾಕೆ ಕಡಿಯುತ್ತದೆಂದು ಟೈಲರನಿಗೆ ಆ ಗಳಿಗೆಯಲ್ಲಿ ಹೊಳೆಯಿತೋ ಏನೋ, ಅವನು ಮೆಲ್ಲನೆ ಒಳಗೆ ಹೋದ. ನನ್ನ ಶಿಷ್ಯೆಯ ಗಮನ ಮಾತ್ರ ಬೇರೆ ಕಡೆಗೆ ಹೋಗಿತ್ತು.

“ಟೀಚರ್, ನಿಮ್ಮ ಗಾಡಿ ಬೆಳಿಗ್ಗೆ ಹೊತ್ತು ಬಿಗಿ ಇರ್ತದಾ?”

“ಇರ್ತದೆ. ಹತ್ತು ಗಂಟೆವರೆಗೆ ನನ್ನಿಂದ ನೂಕಿಕೊಳ್ಳಲಿಕ್ಕೇ ಆಗುವುದಿಲ್ಲ. ಪ್ರಾಯ ಆಯ್ತು, ಕೈಯಲ್ಲಿ ಬಲ ಇಲ್ಲ. ಬಿಸಿಲು ಏರಿದ ಮೇಲೆ ಬಲ ಬರ್ತದೆ.”

“ಬಲ ನಿಮ್ಮ ಕೈಗೆ ಬರುವುದಲ್ಲ ಟೀಚರ್. ಚಕ್ರದ ಎಣ್ಣೆ ಕರಗುವುದು.”

ಟೀಚರ್ ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಅವರಿಗೆ ಎಪ್ಪತ್ತೊಂಬತ್ತು. “ಅಯ್ಯೋ ದೇವರೇ! ಒಂದು ತಿಂಗಳಿಂದ ನಾನು ಟಾನಿಕ್ ಕುಡೀತಾ ಇದ್ದೇನೆ,” ಎಂದವರು ನಗಲು ತೊಡಗಿದರೆ ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬಂತು. ಆಮೇಲೆ ಆ ನೀರನ್ನು ಒರೆಸಿಕೊಳ್ಳುತ್ತ, ದನಿ ಇಳಿಸಿ, “ನನ್ನಿಂದಾಗಿ ನಿನ್ನ ಕಾಗದ ಹೋಯ್ತಲ್ಲ ಮಗಾ,” ಎಂದರು.

“ಹೋಗ್ಲಿ ಟೀಚರ್. ಮೊದಲು ಇದನ್ನು ಸರಿ ಮಾಡುವ.”

ಹತ್ತೂ ಕಾಲರಿಂದ ಒಂದು ಗಂಟೆಯವರೆಗೆ ಅವಳು ಮಾಡಿದ ಕೆಲಸವನ್ನು ನಾನು ಕುಳಿತು ನೋಡಿದೆ. ಬೀಗದ ಒಂದೊಂದು ಭಾಗವನ್ನೂ ಸ್ಪಿರಿಟ್ಟಿನಲ್ಲಿ ತೊಳೆದು, ಒರೆಸಿ, ಒಣಗಿಸಿ, ಕೊಕ್ಕೆ ಕೂತದ್ದನ್ನು ಲಿಫ್ಟಿಗೆ ತಿಳಿಸುವ ಕಾಂಟ್ಯಾಕ್ಟಿನ ಎರಡು ತುದಿಗಳನ್ನು ಹೊಸತು ಹಾಕಿದಳು. ಮೇಲಿನ ಬಾಗಿಲಿನ ಬೀಗವನ್ನೂ ಬಿಚ್ಚಿದಳು. ಟೀಚರ್ ಮೇಲಕ್ಕೆ ಏರಿಯೇ ಇಲ್ಲವಲ್ಲ, ಅಲ್ಲಿ ಎಣ್ಣೆ ಹೇಗೆ ಹೋಗುತ್ತದೆ ಎಂದು ಟೈಲರ್ ಕೇಳಿದ. “ಹೋಗಿರ್ಲಿಕ್ಕಿಲ್ಲ. ನೋಡದೆ ಹೇಗೆ ಹೇಳುವುದು?” ಎಂದಳು. ಕೊನೆಗೆ ಕಿರ್ ಎನ್ನುತ್ತಿದ್ದದ್ದು ಬೀಗವೇ ಅಲ್ಲ, ಬಾಗಿಲಿನ ತಿರುಗಣಿ ಎಂದು ಕಂಡುಹಿಡಿದು ಅದಕ್ಕೆ ಹಾಕಬೇಕಾದ ಗ್ರೀಸು ಹಾಕಿದಳು. ಪಕ್ಕದ ಹೋಟೆಲಿನಿಂದ ಐಸು ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೀಗದ ಹೊರಮೈಗೆ ಅರ್ಧ ಗಂಟೆ ಒತ್ತಿ ಹಿಡಿದಳು. ಮಟಮಟ ಮಧ್ಯಾಹ್ನದಲ್ಲಿ ಡಿಸೆಂಬರಿನ ಬೆಳಗು ತಯಾರಾಯಿತು. ಬಾಗಿಲು ಹಾಕಿದಳು. ‘ಟಕ್’. ಇಪ್ಪತ್ತು ಸಲ ಹಾಕಿದಳು, ಇಪ್ಪತ್ತು ಸಲವೂ ‘ಟಕ್’. ಐಸಿನ ಉಪಾಯ ನಾನು ಕಲಿಸಿದ್ದಲ್ಲ.

ಊಟ ಹೋಟೆಲಿನಿಂದ ಬಂತು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ. ಅವಳು ಅಧಿಕಾರಿಗೆ ಒಂದು ಸಲ ಫೋನು ಮಾಡಿದಳು. ಅವರು ಎತ್ತಲಿಲ್ಲ. ಎರಡನೆಯ ಸಲ ಮಾಡಲಿಲ್ಲ. ಪುಣೆಯವರಿಗೆ ಯಾವಾಗ ಉತ್ತರ ಕೊಡಬೇಕೆಂದು ಕೇಳಿದೆ. “ನಾಳೆ,” ಎಂದಳು. ಊಟ ಮುಗಿಸಿ, ನೆಲದಲ್ಲಿ ಕುಳಿತು, ಟೀಚರ ಗಾಲಿಕುರ್ಚಿಯ ಚಕ್ರಗಳನ್ನು ಬಿಚ್ಚತೊಡಗಿದಳು. ಟೀಚರ್ ಅಷ್ಟು ಹೊತ್ತು ಟೈಲರನ ಎತ್ತರದ ಸ್ಟೂಲಿನ ಮೇಲೆ, ಗೋಡೆಗೆ ಒರಗಿ, ಸಿಂಹಾಸನವೇರಿದವರಂತೆ ಕುಳಿತು ಬಂದ ಓದುಗರಿಗೆಲ್ಲ ತಮ್ಮ ಅಪರಾಧದ ವರದಿ ಒಪ್ಪಿಸಿದರು. ಪ್ರತಿ ಸಲವೂ ಎಣ್ಣೆಯ ಹನಿಗಳ ಸಂಖ್ಯೆ ಕಡಿಮೆಯಾಗುತ್ತ ಬಂತು.

ಮೂರೂ ಮುಕ್ಕಾಲಿಗೆ ಓಣಿಯ ಬಾಯಲ್ಲಿ ಅಧಿಕಾರಿ ಕಾಣಿಸಿಕೊಂಡರು.

ಟೈಲರ್ ಎದ್ದು ನಿಂತ. “ತಾವು ಪುನರಾಗಮಿಸಿದ್ದು...”

“ನನ್ನ ಪೆನ್ನು,” ಎಂದರು ಅಧಿಕಾರಿ.

ಪೆನ್ನು ಟೈಲರನ ಕಿವಿಯ ಮೇಲೆಯೇ ಇತ್ತು. ಬೆಳಗಿನಿಂದ ಅದರಲ್ಲಿ ಹನ್ನೊಂದು ರವಿಕೆಗಳ ಅಳತೆ ಬರೆದಿದ್ದ. ಅವನು ಅದನ್ನು ಅಂಗಿಗೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

“ಇದಿಲ್ಲದೆ ನಿಮ್ಮ ಫೈಲಿನಲ್ಲಿ ಏನೂ ಬರೆಯೋಕಾಗ್ಲಿಲ್ಲ,” ಎಂದು ಅಧಿಕಾರಿ ನನ್ನ ಶಿಷ್ಯೆಗೆ ಹೇಳಿದರು. ಅವರ ಜೇಬಿನಲ್ಲಿ ಇನ್ನೊಂದು ಪೆನ್ನು ಇದ್ದದ್ದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿ ಕೇಳಿದರು, “ಕಾರಣ ಸಿಕ್ತಾ?”

“ಸಿಕ್ಕಿತು ಸರ್.” ಹೇಳಿದಳು. ಹಳೆಯ ಪತ್ರಿಕೆಯ ಮೇಲೆ ತೆಗೆದಿಟ್ಟಿದ್ದ ಬಿಳಿಯ ಹೆಪ್ಪು ಈಗ ಎಣ್ಣೆಯ ಕಲೆಯಾಗಿ ಹರಡಿತ್ತು. ಅದನ್ನೂ ತೋರಿಸಿದಳು. ಯಾರು ಹಾಕಿದ್ದು ಎಂದು ಅವರು ಕೇಳುವ ಮೊದಲೇ ಸ್ಟೂಲಿನ ಮೇಲಿನಿಂದ, “ಒಂದೇ ಒಂದು ಹನಿ ಸಾರ್!” ಎಂಬ ದನಿ ಬಂತು.

ಅಧಿಕಾರಿ ಗಟ್ಟಿಯಾಗಿ ನಕ್ಕರು. ಅವರ ಊರಿನಲ್ಲಿ ತೆಂಗಿನೆಣ್ಣೆ ಅಂಗಡಿಯಲ್ಲಿ ಸಣ್ಣ ಡಬ್ಬಿಯಲ್ಲಿ ಸಿಗುವ ವಸ್ತುವಂತೆ. ಯಂತ್ರಕ್ಕೆ ಹಾಕುವಷ್ಟು ಯಾರ ಮನೆಯಲ್ಲೂ ಇರುವುದಿಲ್ಲವಂತೆ.

ನಾಲ್ಕಕ್ಕೆ ಪರೀಕ್ಷೆ ತೊಡಗಿತು. ಈ ಸಲ ನಾನು ಕೈ ಹಿಂದೆ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು ನಿಂತೆ. ಭಾರದ ಪರೀಕ್ಷೆಗೆ ಕಬ್ಬಿಣದ ತೂಕಗಳ ಬದಲು ವಾಚನಾಲಯದ ಹಳೆಯ ವಾರಪತ್ರಿಕೆಗಳ ಕಟ್ಟುಗಳನ್ನು ಅವಳು ಮೊದಲೇ ಎದುರಿನ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಪ್ರತಿ ಕಟ್ಟಿಗೂ ಚೀಟಿ ಅಂಟಿಸಿ ಇಟ್ಟಿದ್ದಳು. ಮಿತಿ ಮೀರಿದ ಭಾರ ಹಾಕಿದಾಗ ಲಿಫ್ಟ್ ಕದಲಲಿಲ್ಲ, ಕದಲಬಾರದಿತ್ತು. ಇಳಿಯುವಾಗ ಕೆಳಗೆ ಒಂದು ಬುಟ್ಟಿ ಇಟ್ಟರೆ ಬುಟ್ಟಿಗೆ ತಾಗಿದ ಕೂಡಲೇ ನಿಂತಿತು. ಕರೆಂಟು ತೆಗೆದು ಕೈಯಿಂದ ಇಳಿಸಿದ್ದಾಯಿತು. ಕೊನೆಗೆ ಅಧಿಕಾರಿ ಟೀಚರ ಗಾಲಿಕುರ್ಚಿಯನ್ನು ಕೇಳಿ ಪಡೆದು, ತಾವೇ ಅದರಲ್ಲಿ ಕುಳಿತು, ತಾವೇ ಚಕ್ರ ನೂಕಿಕೊಂಡು ಒಳಗೆ ಹೋದರು. ಕುಳಿತಲ್ಲಿಂದ ಗುಂಡಿ ಎಟಕುತ್ತದೋ, ಗಂಟೆಯ ಸ್ವಿಚ್ಚು ಎಟಕುತ್ತದೋ, ಮೇಲೆ ಬಾಗಿಲು ತೆರೆಯಲು ಬರುತ್ತದೋ ಎಂದು ನೋಡಬೇಕಲ್ಲ. ಎತ್ತರದ ಮನುಷ್ಯ, ಮೊಣಕಾಲು ಎದೆಗೆ ತಾಗುತ್ತಿತ್ತು.

“ನನ್ನ ಗಾಡಿ ನನಗಿಂತ ಮೊದಲು ವಾಚನಾಲಯ ನೋಡಿತು,” ಎಂದರು ಟೀಚರ್.

ಮೇಲಿನಿಂದ ಇಳಿದು ಬಂದ ಅಧಿಕಾರಿ ಕುರ್ಚಿಯಲ್ಲೇ ಕುಳಿತು ಪ್ರಶ್ನೆಗಳನ್ನು ಕೇಳಿದರು. ತಿಂಗಳಿಗೊಮ್ಮೆ ಏನೇನು ನೋಡಬೇಕು, ದಾಖಲೆ ಪುಸ್ತಕದಲ್ಲಿ ಏನು ಬರೆಯಬೇಕು, ಅಪಘಾತವಾದರೆ ಯಾರಿಗೆ ತಿಳಿಸಬೇಕು. ಎಲ್ಲದಕ್ಕೂ ನನ್ನ ಜಗಲಿಯ ಉತ್ತರಗಳೇ ಬಂದವು. ಕೊನೆಯ ಪ್ರಶ್ನೆ ನನ್ನ ಪಾಠದಲ್ಲಿ ಇರಲಿಲ್ಲ.

“ಇಬ್ಬರು ಒಳಗೆ ಸಿಕ್ಕಿಹಾಕ್ಕೊಂಡಿದ್ದಾರೆ. ನೀವು ಬಂದ್ರಿ. ಮೊದಲು ಏನು ಮಾಡ್ತೀರಿ?”

ಕರೆಂಟು ತೆಗೆಯುತ್ತೇನೆ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

“ನನ್ನ ಹೆಸರು ಹೇಳ್ತೇನೆ ಸರ್,” ಎಂದಳು. “ನಾನು ಇಂಥವಳು, ಈ ಲಿಫ್ಟ್ ಕೂರಿಸಿದವಳು ನಾನೇ, ಇಲ್ಲೇ ಇದ್ದೇನೆ ಅಂತ. ಹೊರಗೆ ಯಾರಿದ್ದಾರೆ ಅಂತ ಗೊತ್ತಾದ್ರೆ ಒಳಗಿದ್ದವರು ಬಾಗಿಲು ಗುದ್ದುವುದು ನಿಲ್ಲಿಸ್ತಾರೆ. ಆಮೇಲೆ ಕರೆಂಟು ತೆಗೀತೇನೆ.”

ಅಧಿಕಾರಿ ಟೈಲರನಿಂದ ವಾಪಸು ಪಡೆದ ಪೆನ್ನನ್ನೇ ತೆಗೆದು ಬರೆಯತೊಡಗಿದರು. ಅವಳು ಎರಡೂ ಕೈಗಳನ್ನು ಬಟ್ಟೆಯ ತುಂಡಿನಲ್ಲಿ ಒರೆಸುತ್ತ ನಿಂತಿದ್ದಳು. ಕೈ ಆಗಲೇ ಸ್ವಚ್ಛವಾಗಿತ್ತು. ಆದರೂ ಒರೆಸುತ್ತಿದ್ದಳು. ಬರೆದು ಮುಗಿಸಿ ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಲಿಫ್ಟಿನ ಫೈಲಿನಲ್ಲಿ ‘ತೃಪ್ತಿಕರ’, ಅವಳ ಅರ್ಜಿಯ ಮೇಲೆ ‘ಪರವಾನಗಿಗೆ ಶಿಫಾರಸು ಮಾಡಿದೆ’.

ಅವಳು ಅದನ್ನು ಎರಡು ಸಲ ಓದಿದಳು. ಬಟ್ಟೆಯ ತುಂಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದ ಮೇಲೆ, “ಮೇಲಿನವರು ಒಪ್ಪಬೇಕಲ್ವಾ ಸರ್?” ಎಂದಳು.

“ನಂಬರು ಬರೋಕೆ ಎಂಟು ಹತ್ತು ದಿನ ಆಗುತ್ತೆ. ಈ ವರ್ಷವೇ ಬರುತ್ತೆ. ಪುಣೆಗೆ ಬೇಡ ಅಂತ ಹೇಳಿಬಿಡಿ,” ಎಂದರು. ಪುಣೆಯ ವಿಷಯ ಅವರಿಗೆ ಹೇಗೆ ಗೊತ್ತೆಂದು ನಾನು ಟೈಲರನ ಕಡೆ ನೋಡಿದೆ. ಅವನು ಸೂಜಿಗೆ ನೂಲು ಪೋಣಿಸುವುದರಲ್ಲಿ ಮಗ್ನನಾಗಿದ್ದ. “ಲಿಫ್ಟಿನ ಲೈಸೆನ್ಸೂ ಅಷ್ಟರಲ್ಲಿ ಬರುತ್ತೆ. ಅಲ್ಲಿವರೆಗೆ ಯಾರೂ ಹತ್ತೋ ಹಾಗಿಲ್ಲ. ಟೀಚರೂ ಇಲ್ಲ.”

“ಏಳು ತಿಂಗಳು ಕಾದವಳಿಗೆ ಎಂಟು ದಿನ ಎಂಥದ್ದು,” ಎಂದರು ಟೀಚರ್. “ಅಷ್ಟರಲ್ಲಿ ಮೇಲಿನ ಧೂಳು ಗುಡಿಸಿಡಿ ಅಂತ ಇವನಿಗೆ ಹೇಳಿ.” ಇವನು ಎಂದರೆ ಟೈಲರ್.

“ಒಂದು ಬಾಕಿ ಇದೆ,” ಎಂದರು ಅಧಿಕಾರಿ ಬ್ಯಾಗು ಹೆಗಲಿಗೇರಿಸುತ್ತ. “ಲಿಫ್ಟ್ ನಿಂತರೆ ಏನು ಮಾಡಬೇಕು ಅನ್ನೋ ಫಲಕ ಇಂಗ್ಲಿಷಿನಲ್ಲಿ ಮಾತ್ರ ಇದೆ. ಕನ್ನಡದಲ್ಲಿ ಬೇಕು. ಹಾಕಿ, ಫೋಟೊ ತೆಗೆದು ಇವತ್ತೇ ಕಳಿಸಿ.”

ಅವರು ಹೊರಟಾಗ ಐದೂ ಹತ್ತು. ಟೈಲರ್ ಹಲಗೆ ಒದಗಿಸಿದ. ಬಣ್ಣದ ಪೆನ್ನು ವಾಚನಾಲಯದಲ್ಲಿತ್ತು. ಅಕ್ಷರ ನನ್ನದು. ಹಾಸ್ಟೆಲಿನ ಕಾಪಿ ಪುಸ್ತಕದ ಪುಣ್ಯದಿಂದ ಇಂದಿಗೂ ನೆಟ್ಟಗಿದೆ. ಟೀಚರ್ ಹೇಳಿದರು, ನಾನು ಬರೆದೆ. ಗಾಬರಿಯಾಗಬೇಡಿ. ಗಂಟೆಯ ಗುಂಡಿ ಒತ್ತಿ. ಬಾಗಿಲನ್ನು ಬಲವಂತವಾಗಿ ತೆರೆಯಬೇಡಿ. ಕೆಳಗಿನ ಸಂಖ್ಯೆಗೆ ಫೋನು ಮಾಡಿ. ಐದನೆಯ ಸಾಲಾಗಿ ಎಣ್ಣೆಯ ಬಗ್ಗೆ ಏನಾದರೂ ಬೇಡವೇ ಎಂದು ಕೇಳಿದೆ. ಟೀಚರ್ ಕನ್ನಡಕದ ಮೇಲಿನಿಂದ ನೋಡಿದ ನೋಟಕ್ಕೆ ಆ ಸಾಲನ್ನು ಬಿಟ್ಟೆ.

ಕೊನೆಯಲ್ಲಿ ‘ಜವಾಬ್ದಾರ ಮೆಕ್ಯಾನಿಕ್’ ಎಂದು ಬರೆದು, ಅವಳ ಹೆಸರು, ಫೋನು ಬರೆದೆ. ಅದರ ಕೆಳಗೆ ‘ಪರವಾನಗಿ ಸಂಖ್ಯೆ’ ಎಂದು ಬರೆದು ನಿಲ್ಲಿಸಿದೆ.

“ಎಷ್ಟು ಜಾಗ ಬಿಡುವುದು?” ಎಂದು ಕೇಳಿದೆ.

“ಧಾರಾಳ ಬಿಡಿ ಸರ್,” ಎಂದಳು. “ನಂಬರು ಬಂದ ಮೇಲೆ ನಾನೇ ಬರೀತೇನೆ.”

ಗೋಡೆಗೆ ನಾಲ್ಕು ತೂತು ಅವಳು ಕೊರೆದಳು, ನಾಲ್ಕು ತಿರುಪು ನಾನು ಬಿಗಿದೆ. ನಾಲ್ಕನೆಯದು ಬಿಗಿದು ಮುಗಿದಾಗ ಆರೂ ಇಪ್ಪತ್ತು.